ತಂಪುಗಾಳಿಯ ಲೆಕ್ಕ

ಮೋಟಾರು ಕಾರು ಓಡುವುದು ಯಾವುದರಿಂದ ಎಂದು ತರಗತಿಯಲ್ಲಿ ಕೇಳಿದರೆ, "ಪೆಟ್ರೋಲಿನಿಂದ" ಎಂಬ ಉತ್ತರ ಒಕ್ಕೊರಲಿನಿಂದ ಬರುತ್ತದೆ. ಉತ್ತರ ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಒಂದು ಕಿಲೋಗ್ರಾಂ ಪೆಟ್ರೋಲು ಚೊಕ್ಕವಾಗಿ ಉರಿಯಬೇಕಾದರೆ ಅದಕ್ಕೆ ಸುಮಾರು ೧೪.೭ ಕಿಲೋಗ್ರಾಂ ಗಾಳಿ ಬೇಕು. ತೂಕದ ಲೆಕ್ಕದಲ್ಲಿ ನೋಡಿದರೆ ಎಂಜಿನ್ನಿನ ಮುಖ್ಯ ಆಹಾರ ಗಾಳಿಯೇ. ಪೆಟ್ರೋಲಿಗೆ ನಾವು ಹಣ ಕೊಡುತ್ತೇವೆ, ಗಾಳಿಗೆ ಕೊಡುವುದಿಲ್ಲ; ಆದ್ದರಿಂದ ಗಾಳಿಯ ಕಡೆಗೆ ನಮ್ಮ ಗಮನ ಹರಿಯುವುದಿಲ್ಲ, ಅಷ್ಟೆ.

ಹಾಗೆ ಗಮನ ಹರಿಸಿದವನೊಬ್ಬ ನಮ್ಮ ವಿದ್ಯಾರ್ಥಿಗಳಲ್ಲಿದ್ದ. ಅವನ ಊರು ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಊರಿನ ಪಾಳೆಯಗಾರ ಗಂಗರಾಜನು ವಿಜಯನಗರದ ಕೃಷ್ಣದೇವರಾಯನಿಗೇ ಎದುರು ನಿಂತನೆಂದು ಚರಿತ್ರೆ ಹೇಳುತ್ತದೆ. ಈಗ ಅಲ್ಲಿ ಕೋಟೆ ಕೊತ್ತಲಗಳ ಅಬ್ಬರವಿಲ್ಲ. ಸುತ್ತಣ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಮೇಯುತ್ತವೆ, ಹೊಲಗಳಲ್ಲಿ ಬೇಸಾಯ ನಡೆಯುತ್ತದೆ. ನಮ್ಮ ಹುಡುಗನ ಅಣ್ಣ ಬೇಸಾಯಗಾರ. ಹತ್ತು ವರ್ಷ ಹಳೆಯದಾದ ಒಂದು ಸಣ್ಣ ಪೆಟ್ರೋಲು ಕಾರನ್ನು ಅವನು ಕೊಂಡಿದ್ದ. ಮನೆಯವರ ಓಡಾಟಕ್ಕೆ ಮಾತ್ರವಲ್ಲ, ರಾತ್ರಿಯ ವೇಳೆ ನೆರೆಹೊರೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಅದೇ ಗಾಡಿ.

ತಮ್ಮನಿಗೆ ಆ ಕಾರಿನ ವೇಗ ಸಾಲದು. ಬಿಡುವಿನ ವೇಳೆ ಕೆಲಸ ಮಾಡಿ ಕೂಡಿಟ್ಟ ಹಣದಲ್ಲಿ ಅವನು ಅಂಚೆಯ ಮೂಲಕ ಒಂದು 'ಕೋಲ್ಡ್ ಏರ್ ಇಂಟೇಕ್' ತರಿಸಿಕೊಂಡ. ಹೆಸರು ದೊಡ್ಡದು, ವಸ್ತು ಸರಳ: ನುಣುಪಾದ ಒಂದು ಅಲ್ಯುಮಿನಿಯಂ ಕೊಳವೆ, ಅದರ ತುದಿಗೆ ಶಂಕುವಿನಾಕಾರದ ಒಂದು ಏರ್ ಫಿಲ್ಟರು, ರಬ್ಬರಿನ ಎರಡು ಜೋಡಣೆ, ನಾಲ್ಕು ಕ್ಲಾಂಪು. ಹತ್ತು ಅಶ್ವಶಕ್ತಿ ಹೆಚ್ಚಾಗುತ್ತದೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ಅಣ್ಣ ಒಪ್ಪಲಿಲ್ಲ. ಆಗ ಹುಡುಗ ಸಾಕ್ಷಿಗೆಂದು ನಮ್ಮನ್ನೇ ಹಿಡಿದುಕೊಂಡ.

"ನೀವೇ ಪಾಠದಲ್ಲಿ ಹೇಳಿದ್ದಿರಲ್ಲ ಸಾರ್, ತಣ್ಣನೆಯ ಗಾಳಿ ಸಾಂದ್ರವಾಗಿರುತ್ತದೆ, ಅದರಲ್ಲಿ ಆಮ್ಲಜನಕ ಹೆಚ್ಚು, ಎಂಜಿನ್ನಿಗೆ ಶಕ್ತಿ ಹೆಚ್ಚು ಅಂತ."

ಹೇಳಿದ್ದುದು ನಿಜ. ನಮ್ಮ ಮಾತನ್ನು ನಂಬಿ ಒಬ್ಬ ಹುಡುಗ ತನ್ನ ಹಣವನ್ನೂ ಅಣ್ಣನ ಕಾರನ್ನೂ ಪಣಕ್ಕೊಡ್ಡುತ್ತಿದ್ದಾನೆಂದರೆ, ಆ ಮಾತನ್ನು ಪರೀಕ್ಷಿಸುವ ಹೊಣೆಯೂ ನಮ್ಮದೇ. ಒಂದು ಷರತ್ತಿನ ಮೇಲೆ ನಾವು ಉಮ್ಮತ್ತೂರಿಗೆ ಹೊರಟೆವು: ಜೋಡಿಸುವ ಮೊದಲು ಅಳೆಯಬೇಕು, ಜೋಡಿಸಿದ ಮೇಲೂ ಅಳೆಯಬೇಕು.

ಎಂಜಿನ್ನಿನ ಉಸಿರು

ಅಳತೆಗೆ ಮುಂಚೆ ತತ್ತ್ವವನ್ನು ಸ್ವಲ್ಪ ನೋಡೋಣ. ಕಾರಿನ ಎಂಜಿನ್ನು ನಾಲ್ಕು ಹೊಡೆತಗಳಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದರಲ್ಲಿ ಪಿಸ್ಟನ್ನು ಕೆಳಗಿಳಿದು ಗಾಳಿಯನ್ನು ಒಳಕ್ಕೆಳೆಯುತ್ತದೆ. ಎರಡನೆಯದರಲ್ಲಿ ಮೇಲೇರಿ ಅದನ್ನು ಅದುಮುತ್ತದೆ. ಮೂರನೆಯದರಲ್ಲಿ ಇಂಧನ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ನಾಲ್ಕನೆಯದರಲ್ಲಿ ಉರಿದ ಅನಿಲ ಹೊರಕ್ಕೆ ಹೋಗುತ್ತದೆ. ಈ ನಾಲ್ಕೂ ಮುಗಿಯುವಷ್ಟರಲ್ಲಿ ಎಂಜಿನ್ನಿನ ದಂಡ ಎರಡು ಸುತ್ತು ತಿರುಗಿರುತ್ತದೆ.

ನಮ್ಮ ಕಾರಿನ ಎಂಜಿನ್ನು ೧೨೦೦ ಘನ ಸೆಂಟಿಮೀಟರಿನದು. ಎಂದರೆ ಎರಡು ಸುತ್ತಿಗೆ ೧.೨ ಲೀಟರು ಗಾಳಿಗೆ ಅದರಲ್ಲಿ ಸ್ಥಳವಿದೆ. ನಿಮಿಷಕ್ಕೆ ೩೦೦೦ ಸುತ್ತಿನಂತೆ ತಿರುಗಿದರೆ ೧೮೦೦ ಲೀಟರಾಯಿತು. ಕೊಳವೆ ಕವಾಟಗಳ ತಡೆಯಿಂದ ಸಿಲಿಂಡರು ಪೂರ್ತಿ ತುಂಬುವುದಿಲ್ಲವಾಗಿ ೧೫೦೦ ಲೀಟರೆಂದು ಇಟ್ಟುಕೊಳ್ಳೋಣ. ಸುಮ್ಮನೆ ಕುಳಿತಿರುವ ಮನುಷ್ಯ ನಿಮಿಷಕ್ಕೆ ಆರರಿಂದ ಎಂಟು ಲೀಟರು ಗಾಳಿಯನ್ನು ಉಸಿರಾಡುತ್ತಾನೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಈ ಪುಟ್ಟ ಎಂಜಿನ್ನು ಇನ್ನೂರು ಜನರ ಉಸಿರನ್ನು ತಾನೊಂದೇ ಎಳೆಯುತ್ತದೆ!

ಆದರೆ ಎಂಜಿನ್ನಿಗೆ ಬೇಕಾದುದು ಗಾಳಿಯ ಗಾತ್ರವಲ್ಲ, ಅದರ ದ್ರವ್ಯರಾಶಿ. ಒತ್ತಡ ಬದಲಾಗದಿದ್ದರೆ ಅನಿಲದ ಸಾಂದ್ರತೆ ಅದರ ನಿರಪೇಕ್ಷ ಉಷ್ಣತೆಗೆ ವಿಲೋಮವಾಗಿರುತ್ತದೆಂಬುದು ಹೈಸ್ಕೂಲಿನ ವಾಚಕರಿಗೂ ಗೊತ್ತಿರುವ ಸಂಗತಿ. ೨೫ ಡಿಗ್ರಿ ಸೆಲ್ಸಿಯಸ್ ಎಂದರೆ ನಿರಪೇಕ್ಷ ಮಾನದಲ್ಲಿ ೨೯೮. ೫೦ ಡಿಗ್ರಿ ಎಂದರೆ ೩೨೩. ಆದ್ದರಿಂದ ೫೦ ಡಿಗ್ರಿಯ ಗಾಳಿಯಲ್ಲಿ ೨೫ ಡಿಗ್ರಿಯ ಗಾಳಿಗಿಂತ ನೂರಕ್ಕೆ ಸುಮಾರು ಎಂಟು ಪಾಲು ಕಡಮೆ ಆಮ್ಲಜನಕವಿರುತ್ತದೆ. ಸ್ಥೂಲವಾಗಿ, ಮೂರು ಡಿಗ್ರಿ ತಂಪಾದರೆ ನೂರಕ್ಕೆ ಒಂದು ಪಾಲು ಗಾಳಿ ಹೆಚ್ಚು. ಹುಡುಗನ ವಾದಕ್ಕೆ ಆಧಾರವಿಲ್ಲದೆ ಇರಲಿಲ್ಲ.

ಉದಕಮಂಡಲದ ಪಾಠ

ಇಲ್ಲಿ ಒಂದು ಎಚ್ಚರಿಕೆ ಬೇಕು. ತಂಪಾದ ಗಾಳಿಯೆಲ್ಲವೂ ಸಾಂದ್ರವಾದ ಗಾಳಿಯಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಉದಕಮಂಡಲಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ: ಮೇಲೆ ಹವೆ ತಂಪು, ಆದರೆ ಗಾಡಿ ಮಾತ್ರ ಏದುಸಿರು ಬಿಡುತ್ತದೆ. ಇದೇಕೆ? ಚಾಮರಾಜನಗರದ ಬಯಲು ಸಮುದ್ರಮಟ್ಟದಿಂದ ಸುಮಾರು ೭೦೦ ಮೀಟರು ಎತ್ತರದಲ್ಲಿದೆ. ವಾಯುಭಾರ ಪಾದರಸದ ೭೦೦ ಮಿಲಿಮೀಟರಿನಷ್ಟು. ೨೨೪೦ ಮೀಟರು ಎತ್ತರದ ಉದಕಮಂಡಲದಲ್ಲಿ ಅದು ೫೮೦ರ ಹತ್ತಿರಕ್ಕೆ ಇಳಿಯುತ್ತದೆ. ಬಯಲಿನಲ್ಲಿ ೩೦ ಡಿಗ್ರಿ, ಬೆಟ್ಟದ ಮೇಲೆ ೧೫ ಡಿಗ್ರಿ ಎಂದು ಇಟ್ಟುಕೊಂಡು, ಒತ್ತಡವನ್ನು ನಿರಪೇಕ್ಷ ಉಷ್ಣತೆಯಿಂದ ಭಾಗಿಸಿ ಹೋಲಿಸಿದರೆ, ಉದಕಮಂಡಲದ ತಂಪುಗಾಳಿ ನಮ್ಮ ಬಯಲಿನ ಬಿಸಿಗಾಳಿಗಿಂತ ನೂರಕ್ಕೆ ಹದಿಮೂರು ಪಾಲು ತೆಳುವಾಗಿದೆಯೆಂದು ತಿಳಿಯುತ್ತದೆ. ಹದಿನೈದು ಡಿಗ್ರಿಯ ತಂಪು ತಂದುಕೊಟ್ಟ ಲಾಭವನ್ನೆಲ್ಲ ಎತ್ತರವು ನುಂಗಿ, ಮೇಲೆ ಸಾಲವನ್ನೂ ಹೊರಿಸಿತು.

ತರಗತಿಯಲ್ಲಿ ನಾವು ತಂಪನ್ನು ಮಾತ್ರ ಹೇಳಿ ಒತ್ತಡವನ್ನು ಬಿಟ್ಟಿದ್ದೆವು. ಇನ್ನೊಂದು ಮಾತನ್ನೂ ಹೇಳದೆ ಬಿಟ್ಟಿದ್ದೆವು. ಅದು ಉಮ್ಮತ್ತೂರಿನಲ್ಲಿ ಬಯಲಾಯಿತು.

ಮೊದಲ ಅಳತೆ

ಈಗಿನ ಕಾರುಗಳಲ್ಲಿ ಒಳಗೆ ಹೋಗುವ ಗಾಳಿಯ ಉಷ್ಣತೆಯನ್ನು ಎಂಜಿನ್ನಿನ ಗಣಕವೇ ಅಳೆಯುತ್ತಿರುತ್ತದೆ. ಸ್ಟೀರಿಂಗಿನ ಕೆಳಗಿರುವ ಕಿಂಡಿಗೆ ಒಂದು ಪುಟ್ಟ ಸಾಧನವನ್ನು ಸಿಕ್ಕಿಸಿದರೆ ಆ ಅಂಕಿಗಳು ಕೈಫೋನಿನಲ್ಲಿ ಕಾಣುತ್ತವೆ. ಹೊರಗಿನ ಗಾಳಿ ೩೧ ಡಿಗ್ರಿಯಿದ್ದ ಒಂದು ಬೆಳಿಗ್ಗೆ, ಕಾರ್ಖಾನೆಯ ಜೋಡಣೆ ಹೇಗಿತ್ತೋ ಹಾಗೆಯೇ ಇರುವಾಗ, ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಅದು ೩೬ ತೋರಿಸಿತು. ಎಂಜಿನ್ನು ಓಡುತ್ತಿರುವಂತೆಯೇ ಕಾರನ್ನು ಐದು ನಿಮಿಷ ನಿಲ್ಲಿಸಿದಾಗ ೪೭ಕ್ಕೆ ಏರಿತು. ಬಳಿಕ ಜನಸಂಚಾರವಿಲ್ಲದ ನೇರ ರಸ್ತೆಯಲ್ಲಿ, ಮೂರನೆಯ ಗೇರಿನಲ್ಲಿ, ೩೦ ಕಿಲೋಮೀಟರು ವೇಗದಿಂದ ೬೦ಕ್ಕೆ ಏರಲು ಎಷ್ಟು ಹೊತ್ತು ಬೇಕೆಂದು ನೋಡಿದೆವು. ಇಳಿಜಾರು ಮತ್ತು ಗಾಳಿಯ ಪಕ್ಷಪಾತ ಕಳೆಯಲೆಂದು ಆ ಕಡೆಗೆ ಐದು ಸಲ, ಈ ಕಡೆಗೆ ಐದು ಸಲ. ಸರಾಸರಿ ೬.೪ ಸೆಕೆಂಡು; ಅತಿ ಕಡಮೆ ೬.೧, ಅತಿ ಹೆಚ್ಚು ೬.೮.

ಅಲ್ಲಿಯೇ ರಸ್ತೆಯ ಬದಿಯ ಹುಣಿಸೆಮರದ ನೆರಳಿನಲ್ಲಿ ಹುಡುಗನ ಕೈಗೆ ಕಾಗದ ಕೊಟ್ಟು ಒಂದು ಲೆಕ್ಕ ಮಾಡಿಸಿದೆವು. ಎಂಥ ಕೊಳವೆಯನ್ನು ಹಾಕಿದರೂ ಗಾಳಿ ಹೊರಗಿನ ಹವೆಗಿಂತ ತಂಪಾಗಲಾರದು. ಆದ್ದರಿಂದ ಓಡುವ ಕಾರಿನಲ್ಲಿ ಹೆಚ್ಚೆಂದರೆ ೩೬ ಡಿಗ್ರಿ ೩೧ಕ್ಕೆ ಇಳಿಯಬಹುದು. ಲಾಭ ನೂರಕ್ಕೆ ೧.೬. ಕಾರಿನ ಶಕ್ತಿ ಸುಮಾರು ೮೦ ಅಶ್ವಶಕ್ತಿ; ಅದರಲ್ಲಿ ನೂರಕ್ಕೆ ೧.೬ ಎಂದರೆ ಒಂದೂಕಾಲು ಅಶ್ವಶಕ್ತಿ. ಹೊಸ ಫಿಲ್ಟರು ಗಾಳಿಯನ್ನು ಕಡಮೆ ತಡೆಯುವುದರಿಂದ ಇನ್ನೂ ನೂರಕ್ಕೆ ಎರಡು ಪಾಲು ಬಂತೆಂದೇ ಉದಾರವಾಗಿ ಒಪ್ಪೋಣ. ಹಾಗಾದರೂ ಪೆಟ್ಟಿಗೆಯ ಮೇಲಿನ ಹತ್ತು ಅಶ್ವಶಕ್ತಿ ಕೂಡಬೇಕಾದರೆ ಒಳಗೆ ಹೋಗುವ ಗಾಳಿ ಎಷ್ಟು ತಂಪಾಗಿರಬೇಕು? ಹುಡುಗ ಎರಡು ಸಲ ಭಾಗಾಕಾರ ಮಾಡಿ ನೋಡಿದ. ಉತ್ತರ ಎರಡು ಸಲವೂ ಒಂದೇ ಬಂತು: ಸುಮಾರು ೭ ಡಿಗ್ರಿ. ಬೇಸಗೆಯ ಉಮ್ಮತ್ತೂರಿನಲ್ಲಿ ಏಳು ಡಿಗ್ರಿಯ ಗಾಳಿ! "ಇದನ್ನು ದುಡ್ಡು ಕೊಡುವ ಮೊದಲೇ ಲೆಕ್ಕ ಹಾಕಬಹುದಾಗಿತ್ತಲ್ಲ ಸಾರ್" ಎಂದ. ಹಾಕಬಹುದಾಗಿತ್ತು.

ಜೋಡಣೆ

ಆದರೂ ಲೆಕ್ಕವೊಂದನ್ನೇ ನಂಬಿ ಪ್ರಯೋಗವನ್ನು ಬಿಡುವುದು ಭೌತಶಾಸ್ತ್ರದ ಮರ್ಯಾದೆಯಲ್ಲ. ಎಂಜಿನ್ನು ಪೂರ್ತಿ ಆರುವವರೆಗೆ ಕಾದು ಕೆಲಸಕ್ಕೆ ಕೈಹಾಕಿದೆವು. ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿದೆವು. ಯಾವ ತಂತಿ ಎಲ್ಲಿತ್ತು, ಯಾವ ಕೊಳವೆ ಎಲ್ಲಿತ್ತು ಎಂಬುದು ಮರೆಯದಿರಲೆಂದು ಛಾಯಾಚಿತ್ರ ತೆಗೆದುಕೊಂಡೆವು. ಉಷ್ಣತೆಯನ್ನು ಅಳೆಯುವ ಸಂವೇದಕದ ಪ್ಲಗ್ಗನ್ನು ಮೆಲ್ಲನೆ ಬಿಡಿಸಿ, ಕ್ಲಾಂಪುಗಳನ್ನು ಸಡಿಲಿಸಿ, ಹಳೆಯ ಫಿಲ್ಟರಿನ ಪೆಟ್ಟಿಗೆಯನ್ನು ಹೊರತೆಗೆದೆವು. ತೆರೆದುಕೊಂಡ ಎಂಜಿನ್ನಿನ ಬಾಯಿಗೆ ಕೂಡಲೆ ಒಗೆದ ಬಟ್ಟೆಯನ್ನು ಮುಚ್ಚಿದೆವು. ಅದರೊಳಕ್ಕೆ ಬಿದ್ದ ಒಂದು ಸ್ಕ್ರೂ ಇಡೀ ಎಂಜಿನ್ನನ್ನೇ ಕೆಡಿಸಬಲ್ಲದು. ಹೊಸ ಕೊಳವೆಯನ್ನು ಕೂರಿಸಿ, ಸಂವೇದಕವನ್ನು ಅದರ ರಂಧ್ರಕ್ಕೆ ತೊಡಿಸಿ, ಎಲ್ಲಿಯೂ ಉಜ್ಜದಂತೆ ನೋಡಿ ಕ್ಲಾಂಪುಗಳನ್ನು ಬಿಗಿದೆವು. ಒಂದೂವರೆ ಗಂಟೆಯ ಕೆಲಸ. ಮೊದಲ ಸಲ ಕೈಹಾಕುವವನಿಗೂ ಇದು ಅಸಾಧ್ಯವಲ್ಲ.

ಸಂವೇದಕದ ವಿಷಯದಲ್ಲಿ ಒಂದು ಮಾತು. ಕೆಲವು ಕಾರುಗಳಲ್ಲಿ ಕಾದ ಸಣ್ಣ ತಂತಿಯೊಂದು ತನ್ನ ಮೇಲೆ ಹರಿಯುವ ಗಾಳಿಯನ್ನು ಅಳೆದು, ಎಷ್ಟು ಪೆಟ್ರೋಲು ಬೇಕೆಂದು ಗಣಕಕ್ಕೆ ತಿಳಿಸುತ್ತದೆ. ಅದರ ಅಳತೆ ಹೊಂದಿಸಿರುವುದು ಮೂಲ ಕೊಳವೆಯ ಅಗಲಕ್ಕೆ. ವ್ಯಾಸ ನೂರಕ್ಕೆ ಹತ್ತು ಹೆಚ್ಚಿದರೆ ಕ್ಷೇತ್ರಫಲ ಇಪ್ಪತ್ತೊಂದು ಹೆಚ್ಚುತ್ತದೆ. ಅಷ್ಟೇ ಗಾಳಿ ನಿಧಾನವಾಗಿ ಹರಿಯುತ್ತದೆ. ತಂತಿ ಅದನ್ನು ಕಡಮೆಯೆಂದು ತಿಳಿಯುತ್ತದೆ, ಪೆಟ್ರೋಲೂ ಕಡಮೆಯಾಗುತ್ತದೆ. ಹತ್ತಿಬಟ್ಟೆಯ ಫಿಲ್ಟರಿಗೆ ಹಚ್ಚುವ ಎಣ್ಣೆ ಮಿತಿಮೀರಿದರೆ ಅದು ಈ ತಂತಿಯ ಮೇಲೆ ಕುಳಿತು ಅಳತೆಯನ್ನು ಕೆಡಿಸಬಹುದು. ನಮ್ಮ ಕಾರಿನಲ್ಲಿ ಇದ್ದುದು ಒತ್ತಡವನ್ನು ಅಳೆಯುವ ಬಗೆಯಾದ್ದರಿಂದ ಈ ತೊಡಕು ಬರಲಿಲ್ಲ.

ಎಂಜಿನ್ನನ್ನು ಚಾಲೂ ಮಾಡಿ ಆಕ್ಸಿಲರೇಟರನ್ನು ಒತ್ತಿದಾಗ ಗುಡುಗಿನಂಥ ಒಂದು ಸ್ವರ ಬಂತು. ಹುಡುಗನ ಮುಖ ಅರಳಿತು. "ಹುಲಿ ಕಣ್ ಸಾರ್, ಈಗ ಗಾಡಿ ಹುಲಿ!"

ಹುಲಿಯ ಪರೀಕ್ಷೆ

ಅದೇ ರಸ್ತೆ, ಅದೇ ಗೇರು, ಮತ್ತೆ ಹತ್ತು ಸಲ. ಸರಾಸರಿ ೬.೩ ಸೆಕೆಂಡು, ಅತಿ ಕಡಮೆ ೬.೦, ಅತಿ ಹೆಚ್ಚು ೬.೮. ಒಂದೇ ಜೋಡಣೆಯಲ್ಲಿ ಓಟದಿಂದ ಓಟಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬರುತ್ತಿರುವಾಗ, ಸರಾಸರಿಯಲ್ಲಿ ಕಂಡ ಹತ್ತನೆಯ ಒಂದು ಸೆಕೆಂಡನ್ನು ಲಾಭವೆಂದು ಕರೆಯಲು ಬರುವುದಿಲ್ಲ. ಕಿವಿಗೆ ಹುಲಿ, ಗಡಿಯಾರಕ್ಕೆ ಹಳೆಯ ಕಾರೇ.

ಉಷ್ಣತೆಯ ಅಂಕಿಗಳು ಇನ್ನೂ ಸ್ವಾರಸ್ಯವಾಗಿದ್ದವು. ಓಡುವಾಗ ಮೊದಲು ೩೬ ಇದ್ದದ್ದು ಈಗ ೪೧. ಐದು ನಿಮಿಷ ನಿಂತಾಗ ಮೊದಲು ೪೭ ಇದ್ದದ್ದು ಈಗ ೬೨. ತಂಪುಗಾಳಿಯ ಕೊಳವೆ ಬಿಸಿಗಾಳಿಯನ್ನು ತರುತ್ತಿತ್ತು! ತೆರೆದ ಫಿಲ್ಟರು ಬಾನೆಟ್ಟಿನ ಕೆಳಗೆ, ಕಾದ ಎಂಜಿನ್ನಿನ ಮಗ್ಗುಲಲ್ಲೇ ಕುಳಿತು, ರೇಡಿಯೇಟರನ್ನು ದಾಟಿ ಬಂದ ಬಿಸಿಯನ್ನೇ ಉಸಿರಾಡುತ್ತಿತ್ತು. ತಗಡಿನ ಒಂದು ಅಡ್ಡಗೋಡೆಯನ್ನು ಕತ್ತರಿಸಿ ನಡುವೆ ನಿಲ್ಲಿಸಿದಾಗ ಅಂಕಿಗಳು ೩೭ಕ್ಕೂ ೫೩ಕ್ಕೂ ಇಳಿದವು. ಇಷ್ಟೆಲ್ಲ ಶ್ರಮಪಟ್ಟು ಹಳೆಯದರ ಹತ್ತಿರ ಹತ್ತಿರಕ್ಕೆ ಬಂದಿದ್ದೆವು.

ಹಾಗಾದರೆ ಹಳೆಯದು ಹೇಗೆ ತಂಪಾಗಿತ್ತು? ಕಳಚಿಟ್ಟಿದ್ದ ಕಪ್ಪು ಪ್ಲಾಸ್ಟಿಕ್ಕಿನ ಪೆಟ್ಟಿಗೆಯನ್ನು ಹುಡುಗ ಮತ್ತೆ ಅದರ ಜಾಗದಲ್ಲಿಟ್ಟು, ಅದರ ಮೂತಿ ಎಲ್ಲಿಗೆ ಹೋಗುತ್ತದೆಂದು ಬೆರಳಿನಿಂದ ಅನುಸರಿಸಿದ. ಅದು ರೇಡಿಯೇಟರಿನ ಮೇಲೆ ಹಾದು, ಮುಂದಿನ ದೀಪದ ಪಕ್ಕದಲ್ಲಿ, ಹೊರಗಿನ ಗಾಳಿ ನೇರವಾಗಿ ಬಡಿಯುವ ಎಡೆಯಲ್ಲಿ ತೆರೆದುಕೊಂಡಿತ್ತು. ಕಾರನ್ನು ರಚಿಸಿದ ಎಂಜಿನಿಯರರು ತಂಪುಗಾಳಿಯ ಕೊಳವೆಯನ್ನು ಮೊದಲೇ ಇಟ್ಟಿದ್ದರು. ಈಗಿನ ಕಾರುಗಳಲ್ಲಿ ಹೆಚ್ಚಿನವು ಹೀಗೆಯೇ. ನಾವು ತರಗತಿಯಲ್ಲಿ ಹೇಳದೆ ಬಿಟ್ಟಿದ್ದ ಮಾತು ಇದೇ: ತಂಪಾದರೆ ಲಾಭವೆಂಬುದು ಸರಿ, ಆದರೆ ಯಾವುದಕ್ಕಿಂತ ತಂಪು ಎಂದು ಕೇಳಬೇಕು. ಆ ಪೆಟ್ಟಿಗೆಯ ಪಕ್ಕದಲ್ಲಿದ್ದ ಪೊಳ್ಳು ಉಬ್ಬು ಕೂಡ ವ್ಯರ್ಥವಲ್ಲ. ಗಾಳಿ ಎಳೆಯುವ ಸದ್ದನ್ನು ನುಂಗುವ ಅನುನಾದಕ ಅದು. ಅದನ್ನು ತೆಗೆದಾಗ ಕೇಳಿಸಿದ್ದು ಹೊಸ ಶಕ್ತಿಯಲ್ಲ, ಇಷ್ಟು ದಿನ ಅಡಗಿಸಿಟ್ಟಿದ್ದ ಸದ್ದು.

ಪೆಟ್ರೋಲಾದರೂ ಉಳಿಯುವುದೇ ಎಂಬ ಪ್ರಶ್ನೆಗೂ ಉತ್ತರವಿದೆ. ೨೦೦೯ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಏರ್ ಫಿಲ್ಟರನ್ನು ಬೇಕೆಂದೇ ಕಟ್ಟಿಸಿ ಪರೀಕ್ಷಿಸಿದರು. ಗಣಕ ನಿಯಂತ್ರಿತ ಪೆಟ್ರೋಲು ಕಾರುಗಳ ಇಂಧನ ಖರ್ಚಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವೇಗ ಏರುವುದು ಮಾತ್ರ ನಿಧಾನವಾಯಿತು. ಕಾರಣ ಸರಳ. ದಿನದ ಓಡಾಟದಲ್ಲಿ ಎಂಜಿನ್ನಿನ ಗಂಟಲಿನಲ್ಲಿರುವ ಬಿಲ್ಲೆ ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ. ಚಾಲಕನೇ ತನ್ನ ಕಾಲಿನಿಂದ ಗಾಳಿಯನ್ನು ತಡೆದಿರುತ್ತಾನೆ. ಮುಂದೆ ಎಲ್ಲೋ ಒಂದಿಷ್ಟು ತಡೆ ಕಡಮೆಯಾದರೆ ಬಿಲ್ಲೆ ಇನ್ನಷ್ಟು ಮುಚ್ಚಿಕೊಳ್ಳುತ್ತದೆ, ಅಷ್ಟೆ.

ಎರಡು ಚಮಚ ನೀರು

ಹುಡುಗ ಸೋಲೊಪ್ಪಲು ಇನ್ನೂ ಸಿದ್ಧನಿರಲಿಲ್ಲ. ಕೊಳವೆಯನ್ನು ಉದ್ದಮಾಡಿ ಫಿಲ್ಟರನ್ನು ಕೆಳಗೆ, ಮುಂದಿನ ಬಂಪರಿನ ಹಿಂದೆ, ಚಕ್ರದ ಹತ್ತಿರ ಇಟ್ಟರೆ ನಿಜವಾಗಿಯೂ ತಂಪು ಸಿಗುತ್ತದೆಂದ. ಮಾತು ಸರಿ. ಆದರೆ ಆವರೆಗೆ ಸುಮ್ಮನೆ ನೋಡುತ್ತಿದ್ದ ಅಣ್ಣ ಬಾಯಿಬಿಟ್ಟ: "ಮಳೆಗಾಲದಲ್ಲಿ ರಸ್ತೆ ಮೇಲೆ ನೀರು ನಿಂತರೆ?"

ಪ್ರಶ್ನೆ ಭೌತಶಾಸ್ತ್ರದ್ದೇ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ನಮ್ಮ ಎಂಜಿನ್ನಿನ ನಾಲ್ಕು ಸಿಲಿಂಡರುಗಳಲ್ಲಿ ಒಂದೊಂದೂ ೩೦೦ ಘನ ಸೆಂಟಿಮೀಟರಿನದು. ಒಳಗಿನ ಗಾಳಿಯನ್ನು ಅದು ಹತ್ತನೆಯ ಒಂದು ಭಾಗಕ್ಕೆ ಅದುಮುತ್ತದೆಂದು ಇಟ್ಟುಕೊಂಡರೆ, ಪಿಸ್ಟನ್ನು ಮೇಲೆ ಬಂದಾಗ ಉಳಿಯುವ ಜಾಗ ಸುಮಾರು ೩೩ ಘನ ಸೆಂಟಿಮೀಟರು. ಎರಡು ದೊಡ್ಡ ಚಮಚಗಳಷ್ಟು! ಅದಕ್ಕಿಂತ ಹೆಚ್ಚು ನೀರು ಒಂದು ಸಿಲಿಂಡರಿಗೆ ನುಗ್ಗಿದರೆ ಪಿಸ್ಟನ್ನು ಮೇಲೇರಲಾರದೆ ನಿಲ್ಲುತ್ತದೆ. ಉಳಿದ ಎಂಜಿನ್ನು ನಿಲ್ಲಲೊಲ್ಲದು. ನಡುವೆ ಸಿಕ್ಕಿದ ಉಕ್ಕಿನ ದಂಡ ಬಾಗುತ್ತದೆ. ಫಿಲ್ಟರನ್ನು ಎತ್ತರದಲ್ಲಿಟ್ಟವರು ತಂಪನ್ನು ಮರೆತವರಲ್ಲ, ಮಳೆಯನ್ನೂ ನೆನೆದವರು.

ಧೂಳಿನದೂ ಇದೇ ಬಗೆಯ ಲೆಕ್ಕ. ಹೊಲದ ಬದಿಯ ದಾರಿಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಅವು ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಕಠಿಣ. ಗಾಳಿಗೆ ಸಲೀಸಾಗಿ ದಾರಿ ಬಿಡುವ ಫಿಲ್ಟರು ಧೂಳಿಗೂ ದಾರಿ ಬಿಡುವುದಿಲ್ಲವೆಂದು ನೋಡಿಕೊಳ್ಳಬೇಕು.

ಕಾನೂನನ್ನೂ ಮರೆಯುವಂತಿಲ್ಲ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ೧೯೮೮ರ ಮೋಟಾರು ವಾಹನ ಅಧಿನಿಯಮದ ೫೨ನೆಯ ಪ್ರಕರಣ ಹೇಳುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿ ಹಿಡಿಯಿತು; ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ಎರಡನ್ನೂ ಒಟ್ಟಿಗೋ ವಿಧಿಸಲು ಅವಕಾಶ ಕೊಟ್ಟಿತು. ಯಾವ ಭಾಗವನ್ನು ಬದಲಿಸುವ ಮೊದಲೂ ಸಾರಿಗೆ ಕಚೇರಿಯಲ್ಲಿ ಮತ್ತು ವಿಮೆಯವರಲ್ಲಿ ವಿಚಾರಿಸುವುದು ಜಾಣತನ.

ಸಂಜೆ ಅಣ್ಣನೇ ತೀರ್ಪು ಕೊಟ್ಟ. "ರಾತ್ರಿ ಹೊತ್ತು ಯಾರಾದರೂ ಬಂದು ಬಾಗಿಲು ತಟ್ಟಿದರೆ ಗಾಡಿ ಹೊರಡಬೇಕು ಸಾರ್. ಅದು ಹುಲಿ ಆಗೋದು ಬೇಡ, ಎತ್ತಾಗಿದ್ದರೆ ಸಾಕು." ತಮ್ಮ ಮರುಮಾತಾಡಲಿಲ್ಲ. ಹಳೆಯ ಪೆಟ್ಟಿಗೆಯನ್ನು ಒರಸಿ, ಅದಕ್ಕೆ ಹೊಸದೊಂದು ಕಾಗದದ ಫಿಲ್ಟರನ್ನು ಹಾಕಿ, ತೆಗೆದುಕೊಂಡಿದ್ದ ಛಾಯಾಚಿತ್ರವನ್ನು ನೋಡುತ್ತ ತಾನೇ ಮರಳಿ ಜೋಡಿಸಿದ. ಈ ಸಲ ಮುಕ್ಕಾಲು ಗಂಟೆ ಸಾಕಾಯಿತು.

ಅಲ್ಯುಮಿನಿಯಂ ಕೊಳವೆ ಈಗ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿದೆ. ಅನಿಲ ನಿಯಮಗಳ ಪಾಠದ ದಿನ ಅದನ್ನು ಮೇಜಿನ ಮೇಲಿಟ್ಟು, ಅಂದು ಹುಡುಗನಿಂದ ಮಾಡಿಸಿದ ಲೆಕ್ಕವನ್ನೇ ಈಗಿನ ವಿದ್ಯಾರ್ಥಿಗಳಿಂದ ಮಾಡಿಸುತ್ತೇವೆ. ವಾಚಕರೂ ಬಿಡುವಾದಾಗ ಮನೆಯವರ ಅಪ್ಪಣೆ ಪಡೆದು, ಎಂಜಿನ್ನು ಆರಿರುವಾಗ, ಕಾರಿನ ಬಾನೆಟ್ಟನ್ನು ಎತ್ತಿ ನೋಡಬಹುದು. ಏನನ್ನೂ ಬಿಚ್ಚಬೇಕಾಗಿಲ್ಲ. ಫಿಲ್ಟರಿನ ಪೆಟ್ಟಿಗೆಯಿಂದ ಹೊರಟ ಕೊಳವೆಯನ್ನು ಬೆರಳಿನಿಂದ ಅನುಸರಿಸಿ, ಅದು ಎಲ್ಲಿ ಬಾಯಿ ತೆರೆಯುತ್ತದೆಂದು ಕಂಡುಕೊಳ್ಳಿ. ಆ ಸ್ಥಳವನ್ನೇ ಏಕೆ ಆರಿಸಿದರೆಂದು ಯೋಚಿಸಿ. ಆ ಪ್ರಶ್ನೆಗೆ ನಿಮಗೆ ಉತ್ತರ ದೊರೆತ ಮೇಲೆ, ಅದನ್ನು ಬದಲಿಸಬೇಕೋ ಬೇಡವೋ ಎಂಬುದನ್ನು ಇನ್ನೊಬ್ಬರು ನಿಮಗೆ ಹೇಳಿಕೊಡಬೇಕಾಗುವುದಿಲ್ಲ.